ಪಡಕ ಒಳಗೋ, ಹೊರಗೋ?

ಮನ್ನಳ್ಳಿ ಕಡೆ ಮನೆ ಕಟ್ಟಿಸುವವರಿಗೆ ತಲೆಬಾಗಿಲಿನ ಮುಹೂರ್ತಕ್ಕೆ ಒಬ್ಬ ಶಾಸ್ತ್ರಿ ಸಾಕು. ಕಿಟಕಿಗೆ ಮಾತ್ರ ಊರೆಲ್ಲ ಶಾಸ್ತ್ರ ಹೇಳುತ್ತದೆ. ಬಡಿಗ ಬಿಜಾಗ್ರಿ ಕೈಯಲ್ಲಿ ಹಿಡಿದು "ಪಡಕ ಒಳಗ ತೆರೀಬೇಕೋ ಹೊರಗೋ, ಹೇಳ್ರಿ" ಅಂದನೋ, ಚಹಾಕ್ಕೆ ಬಂದವರೆಲ್ಲ ಇಂಜಿನಿಯರ್. ಒಬ್ಬ ಗಾಳಿ ಅನ್ನುತ್ತಾನೆ, ಒಬ್ಬ ಮಂಗ ಅನ್ನುತ್ತಾನೆ, ಮತ್ತೊಬ್ಬ ವಾಸ್ತು. ಮನೆಯಾಕೆಯನ್ನು ಯಾರೂ ಕೇಳುವುದಿಲ್ಲ. ದಿನಾ ತೆರೆದು ಮುಚ್ಚುವವಳು ಅವಳೊಬ್ಬಳೇ ನೋಡಿ, ಅದಕ್ಕಿರಬೇಕು.

ಮುತ್ಯಾನ ಕಾಲದಲ್ಲಿ ಈ ಪಂಚಾಯಿತಿಯೇ ಇರಲಿಲ್ಲ. ಬೀದರಿನ ಕೆಂಪು ಕಲ್ಲಿನ ಗೋಡೆ, ದಪ್ಪ ಎರಡು ಅಡಿ. ಚೌಕಟ್ಟನ್ನು ಹೊರಮೈಗೆ ಕೂರಿಸಿ ಸರಳು ಇಳಿಸಿದರೆ, ಪಡಕಗಳು ಒಳಗೆ ತೆರೆದು ಗೋಡೆಯ ದಪ್ಪಕ್ಕೇ ಒರಗಿ ನಿಲ್ಲುತ್ತಿದ್ದವು. ಕೋಣೆಯ ಜಾಗ ಒಂದಿಂಚೂ ಹೋಗುತ್ತಿರಲಿಲ್ಲ. ಕೆಳಗೆ ಉಳಿದ ಹಾಸುಗಲ್ಲಿನ ಮೇಲೆ ಮುತ್ಯಾನ ಚಂಚಿ, ಆಯಿಯ ಕನ್ನಡಕ, ಬೆಕ್ಕು. ಈಗಿನ ಗೋಡೆ ಒಂಬತ್ತು ಇಂಚು, ಕೆಲವು ಕಡೆ ಆರು. ಒಳಗೆ ತೆರೆದ ಪಡಕ ಒರಗಲು ತಾವಿಲ್ಲದೆ ನೇರ ಕೋಣೆಗೆ ಚಾಚಿ ಅಳಿಯನ ಹಣೆ ಹುಡುಕುತ್ತದೆ. ಹೀಗಾಗಿ ಪಡಕಗಳೆಲ್ಲ ಹೊರಗೆ ಹೊರಟವು.

ಹೊರಗೇನು ಬಯಲೇ? ಓಣಿ. ಎದುರುಮನೆಯವರದೂ ಹೊರಗೇ ತೆರೆಯುತ್ತದೆ. ಬೆಳಗಾದರೆ ಎರಡೂ ಕಡೆಯ ಪಡಕಗಳ ಮೂಲೆ ತಪ್ಪಿಸಲು ಓಡಾಡುವವರೆಲ್ಲ ತಲೆ ತಗ್ಗಿಸಿಯೇ ನಡೆಯಬೇಕು. ಬೆಂಗಳೂರಿನಿಂದ ಬಂದ ಬೀಗರೊಬ್ಬರು ಅದನ್ನು ನೋಡಿ, "ನಿಮ್ಮ ಕಡೆ ಜನ ಎಷ್ಟು ವಿನಯವಂತರು!" ಅಂದರು. ನಾವೂ ತಿದ್ದಲು ಹೋಗಲಿಲ್ಲ.

ಹೊರಗೆ ತೆರೆಯುವುದರಲ್ಲಿ ಇನ್ನೊಂದು ಫಜೀತಿ. ಗಾಳಿಗೆ ಬಡಿಯದಂತೆ ಕೊಕ್ಕೆ ಹಾಕಲು ಸರಳಿನ ಸಂದಿಯಲ್ಲಿ ಕೈ ತೂರಿಸಬೇಕು. ಕೈ ಹೋಗುತ್ತದೆ, ಬಳೆ ಬರುವುದಿಲ್ಲ. ಬೇವಿನ ಕಟ್ಟಿಗೆಯದಾದರೆ ಶ್ರಾವಣದ ಮಳೆಗೆ ಉಬ್ಬಿ ಕೂತು, ಗುದ್ದಿದರೂ ಜಪ್ಪಯ್ಯ ಅನ್ನುವುದಿಲ್ಲ. ನನ್ನ ವೋಟು ನಾಲ್ಕು ಪಡಕದ ಕಿಟಕಿಗೆ. ಕೆಳಗಿನೆರಡು ಮುಚ್ಚಿ, ಮೇಲಿನೆರಡು ತೆರೆದರೆ ಒಳಗಿನವರು ಯಾರಿಗೂ ಕಾಣುವುದಿಲ್ಲ, ಓಣಿಯ ಜಗಳ ಮಾತ್ರ ಒಂದಕ್ಷರ ಬಿಡದೆ ಕೇಳಿಸುತ್ತದೆ. ಇದಕ್ಕಿಂತ ಸುಖ ಯಾವ ವಾಸ್ತುವಿನಲ್ಲಿದೆ?

ಬಚ್ಚಲಿಗೆ ಮೇಲಂಚಿನಲ್ಲಿ ಬಿಜಾಗ್ರಿ ಇದ್ದು ಬುಡ ಹೊರಗೆ ಎದ್ದುಕೊಳ್ಳುವ ಕಿಟಕಿಯೇ ಸರಿ. ತೆರೆದಾಗ ತಾನೇ ಛಜ್ಜಾ ಆಗಿ ಮಳೆ ತಡೆಯುತ್ತದೆ. ಹಳೆಯ ಶಾಲೆಗಳಲ್ಲಿ, ಕಚೇರಿಗಳಲ್ಲಿ ಸೂರಿನ ಹತ್ತಿರ ನಡುಮಧ್ಯದ ಕೀಲಿನ ಮೇಲೆ ತಿರುಗುವ ಗಾಜಿನ ಕಿಂಡಿ ಇರುತ್ತದಲ್ಲ, ಅದಕ್ಕೆ ಎಳೆಯುವ ಹಗ್ಗ. ಹಗ್ಗ ಹರಿದ ದಿನ ಅದು ಯಾವ ಭಂಗಿಯಲ್ಲಿತ್ತೋ, ಹೆಡ್‌ಮಾಸ್ತರರು ರಿಟೈರ್ ಆಗುವವರೆಗೂ ಅದೇ ಭಂಗಿ.

ಇತ್ತೀಚೆಗೆ ಪೇಟೆಯಿಂದ ಜರ್ಮನಿ ನಮೂನೆಯದು ಬಂದಿದೆ. ಅಲ್ಲಿ ಅದು ಮನೆಮನೆಯ ರೂಢಿ. ಹಿಡಿಕೆ ಕೆಳಗಿದ್ದರೆ ಬಂದ್, ಅಡ್ಡ ಮಾಡಿದರೆ ಪಕ್ಕದ ಬಿಜಾಗ್ರಿಯ ಮೇಲೆ ಒಳಗೆ ತೆರೆಯುತ್ತದೆ, ಮೇಲಕ್ಕೆತ್ತಿದರೆ ಬುಡ ಅಲ್ಲೇ ನಿಂತು ತಲೆಯಷ್ಟೇ ಒಳಗೆ ವಾಲುತ್ತದೆ. ಗೃಹಪ್ರವೇಶದ ಮನೆಯಲ್ಲಿ ಅದು ವಾಲಿದ್ದನ್ನು ಕಂಡ ನಮ್ಮ ಕಾಕಾ "ಬಿತ್ತು, ಬಿತ್ತು!" ಎಂದು ಓಡಿಹೋಗಿ ಎರಡೂ ಕೈಯಿಂದ ಆತುಕೊಂಡು ನಿಂತುಬಿಟ್ಟರು. ಮನೆಯವರು ವಿವರಿಸಿದರೂ ನಂಬಲಿಲ್ಲ. ಹುಗ್ಗಿ ಬಡಿಸುವವರೆಗೂ ಹಾಗೇ ನಿಂತಿದ್ದರು.

ಮಹಮೂದ್ ಗವಾನ್ 1472ರ ಹೊತ್ತಿಗೆ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಮೂರಕ್ಕೂ ಕಿಟಕಿಗಳು. ಓದುವ ಹುಡುಗರಿಗೆ ಬೆಳಕು ಬೇಕು, ಗಾಳಿ ಬೇಕು ಎಂಬುದು ಆ ವಜೀರನಿಗೆ ಗೊತ್ತಿತ್ತು. ಕಬ್ಬಿಣದ ಅಲಮಾರಿ ಎಲ್ಲಿಡಬೇಕು ಎಂಬ ಚಿಂತೆ ಮಾತ್ರ ಅವನಿಗಿರಲಿಲ್ಲ.

ನಮಗಿದೆ. ಇಷ್ಟೆಲ್ಲ ವಾದ ಮಾಡಿ ಕೂರಿಸಿದ ಕಿಟಕಿಗೆ ಬಣ್ಣ ಹಚ್ಚುವವ ಬಂದು ಕೇಳಿದ: "ಪಡಕಕ್ಕ ಎರಡೂ ಬಾಜು ಹಚ್ಚಬೇಕೇನ್ರಿ?"

"ಹೊರಗಿನ ಬಾಜು ಅಷ್ಟೇ ಹಚ್ಚಪ್ಪಾ. ಒಳಗಿನ ಬಾಜು ಅಲಮಾರಿ ಹಿಂದ ಅದಾ."