ಕುರೆಕುಪ್ಪ ನ್ಯಾಯ: ಬೃಹತ್ ಡಿಸ್ಕ್ ಸಮೂಹಗಳ ವಾಚಾಳಿತನ ಕುರಿತ ಕಿರು ಮೀಮಾಂಸೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅಂಟಿಕೊಂಡಂತಿರುವ ಕುರೆಕುಪ್ಪದ ಹೆಸರನ್ನು ಗಣಕಶಾಸ್ತ್ರದ ಯಾವ ಸಿದ್ಧಾಂತಕ್ಕೂ ಈವರೆಗೆ ಇಡದಿರುವುದು ವಿದ್ವತ್ ಲೋಕದ ಘೋರ ಲೋಪವೆಂಬುದು ಪ್ರಸ್ತುತ ಪ್ರಬಂಧಕಾರರ ಅಭಿಮತ. ಆ ಲೋಪವನ್ನು ಇಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಸರಿಪಡಿಸಲಾಗಿದೆ. ನ್ಯಾಯ ಇಷ್ಟೇ: ಕೆಟ್ಟದ್ದನ್ನು ಕೂಗಿ ಹೇಳು, ನೆಟ್ಟಗಿರುವುದನ್ನು ಕೇಳಿದರೆ ಮಾತ್ರ ಹೇಳು. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದೇ ಸಮೂಹವಾಗಿ ನಡೆಸುವ ವ್ಯವಸ್ಥೆ) ಇದಕ್ಕೆ ತದ್ವಿರುದ್ಧವಾಗಿ ಬೆಳೆದ ಕೂಸು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗಳಲ್ಲಿ ಒಂದು ಡಿಸ್ಕ್ ಕೈಕೊಟ್ಟರೆ ಸಾಕು, ಸಮೂಹದ ಎಲ್ಲ ಡಿಸ್ಕ್‌ಗಳ ಕುಶಲವೂ ಸಾಲಿಗೊಂದರಂತೆ ಲಾಗ್‌ಗೆ ಇಳಿಯುತ್ತಿತ್ತು. ಸಮೂಹದ ವಿವರವನ್ನು ಡಿಸ್ಕ್‌ಗಳಲ್ಲೇ ಬರೆದಿಡುವ ಮೆಟಾಡೇಟಾದ 0.90 ಆವೃತ್ತಿಯ ಕಾಲದಲ್ಲಿ ಒಂದು ಸಮೂಹಕ್ಕೆ 28 ಡಿಸ್ಕ್‌ಗಳ ಮಿತಿಯಿದ್ದುದರಿಂದ ಈ ಸಹಸ್ರನಾಮ ಸಹನೀಯವಾಗಿತ್ತು. ಮುಂದೆ ಮಿತಿ 384ಕ್ಕೆ ಏರಿತು, ಪಾರಾಯಣವೂ ಉದ್ದವಾಯಿತು. ಕರ್ನಲ್ಲಿನ ಲಾಗ್ ಬಫರ್ ಉಂಗುರದಂತೆ ಸುತ್ತುವಂಥದ್ದು. ತುಂಬಿದ ಮೇಲೆ ಹೊಸ ಸಾಲು ಹಳೆಯದನ್ನು ಅಳಿಸಿಯೇ ಕೂರುತ್ತದೆ. ಹೀಗಾಗಿ ನೂರಾರು ಕ್ಷೇಮಸಮಾಚಾರಗಳ ನೂಕುನುಗ್ಗಲಿನಲ್ಲಿ ಮೊದಲು ಅಳಿಸಿಹೋಗುತ್ತಿದ್ದುದು ಡಿಸ್ಕ್ ಏಕೆ ಸತ್ತಿತೆಂದು ಹೇಳುವ ಆ ಒಂದೇ ಸಾಲು.

ಪ್ರಮಾಣಕ್ಕಾಗಿ ದೂರ ಹೋಗಬೇಕಿಲ್ಲ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ನಾಡಿಗೆಲ್ಲ ತಲುಪಿದ ಸುದ್ದಿ ಎರಡೇ ಪದ: ಹತ್ತೊಂಬತ್ತನೇ ಗೇಟು. ರೇಡ್ ಸಂಪ್ರದಾಯದ ಪಂಡಿತರೊಬ್ಬರು ಕಂಟ್ರೋಲ್ ರೂಮಿನಲ್ಲಿದ್ದಿದ್ದರೆ “ಒಂದನೇ ಗೇಟು ಕ್ಷೇಮ, ಎರಡನೇ ಗೇಟು ಕ್ಷೇಮ” ಎಂದು ಶುರುಮಾಡಿ ವಿಷಯಕ್ಕೆ ಬರುವಷ್ಟರಲ್ಲಿ ನೀರು ಕಂಪ್ಲಿ ಸೇತುವೆಯ ಯೋಗಕ್ಷೇಮ ವಿಚಾರಿಸುತ್ತಿತ್ತು.

ಪೂರ್ವಪಕ್ಷದವರು ಇಲ್ಲಿ ತೊಡೆ ತಟ್ಟುತ್ತಾರೆ: ಉಳಿದ 32 ಗೇಟುಗಳೂ ನೆಟ್ಟಗಿರಲಿಲ್ಲವಲ್ಲ, ಆಮೇಲೆ ಎಲ್ಲವನ್ನೂ ಬದಲಿಸಬೇಕೆಂದು ತೀರ್ಮಾನವಾಗಲಿಲ್ಲವೇ, 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಇಳಿಸಲಿಲ್ಲವೇ? ಹೌದು. ಆದರೆ ಅದು ಗೊತ್ತಾದದ್ದು ತಜ್ಞರು ಹೋಗಿ ಪರೀಕ್ಷಿಸಿದ್ದರಿಂದ. ಲಾಗ್‌ನಲ್ಲಿ ಡಿಸ್ಕಿನ ಮುಂದೆ ಬೀಳುವ “ಒ:1” ಎಂಬ ಗುರುತಿಗೆ ಡಿಸ್ಕ್ ಇನ್ನೂ ಕೆಟ್ಟಿದೆಯೆಂದು ಘೋಷಿತವಾಗಿಲ್ಲ ಎಂಬುದಷ್ಟೇ ಅರ್ಥ. ಅದು ಎಷ್ಟು ಸವೆದಿದೆ ಎಂಬುದಕ್ಕೆ ಆ ಗುರುತು ಜಾಮೀನಲ್ಲ. ಪೂರ್ತಿ ಪಟ್ಟಿ ಬೇಕಾದವರಿಗೆ ಎಂಡಿಸ್ಟ್ಯಾಟ್ ಕಡತವಿದೆ, ಎಂಡಿಎಡಿಎಂ ಆಜ್ಞೆಯಿದೆ. ಕೇಳಿದರೆ ಎರಡೂ ಧಾರಾಳವಾಗಿ ಹೇಳುತ್ತವೆ.

ಮತ್ತೆ ಕೆಲವರು, ಇಷ್ಟೆಲ್ಲ ಮೀಮಾಂಸೆ ಏಕೆ, ಕರ್ನಲ್ಲಿನಲ್ಲಿ ದರಮಿತಿ ಇದ್ದೇ ಇದೆಯಲ್ಲ ಎನ್ನುತ್ತಾರೆ: 5 ಸೆಕೆಂಡಿಗೆ 10 ಸಂದೇಶ, ಮಿಕ್ಕದ್ದು ಬಂದ್. ಇದು ಕುರುಡು ಕತ್ತರಿ. ಅದು ಸಾಲುಗಳನ್ನು ಎಣಿಸುತ್ತದೆ, ಓದುವುದಿಲ್ಲ. ಆ ಮಿತಿಯಲ್ಲಿ ಒಂದನೇ ಗೇಟಿನಿಂದ ಎಣಿಸತೊಡಗಿದರೆ ಹತ್ತಕ್ಕೇ ಬಾಯಿ ಕಟ್ಟುತ್ತದೆ. ಹತ್ತೊಂಬತ್ತರ ಸರದಿ ಬರುವುದೇ ಇಲ್ಲ.