ಚೇಂಬರಿನ ಬೋಲ್ಟು ಎಣಿಸಿದ ಮೇಲೆ

ಪಕ್ಕದ ಮನೆಯ ಹುಡುಗನ ತಂದೆ ದಾವಣಗೆರೆಯಿಂದ ಇಲ್ಲಿಗೆ, ಮಿಷಿಗನ್‌ಗೆ ಬಂದು ಎರಡು ತಿಂಗಳಾಯಿತು. ಪಿ.ಬಿ. ರಸ್ತೆಯಲ್ಲಿ ಮೂವತ್ತು ವರ್ಷ ಲಾರಿ ಗ್ಯಾರೇಜು ನಡೆಸಿದವರು. ಮೊದಮೊದಲು ಹೊತ್ತು ಹೋಗದೆ ಒದ್ದಾಡುತ್ತಿದ್ದರು. ನನ್ನ 1982ರ ಕಾರ್ವೆಟ್ ಕಾರಿನ ಗೇರ್‌ಬಾಕ್ಸು ಕೈಕೊಟ್ಟಿತು ನೋಡಿ, ಅಂದಿನಿಂದ ಕಾಫಿ ಲೋಟ ಹಿಡಿದು ಬೆಳಿಗ್ಗೆಯೇ ಬೇಲಿಯ ಹತ್ತಿರ ಹಾಜರು.

"ಏನಪ್ಪಾ, ಎರಡರಿಂದ ಮೂರಕ್ಕೆ ಬೀಳೋವಾಗ ಇಂಜಿನ್ ಸುಮ್ನೆ ಕೂಗುತ್ತಲ್ಲ? ಒಳಗೆ ಪ್ಲೇಟ್ ಹೋಗಿದಾವೆ" ಅಂದರು. ಬರೀ ಸದ್ದು ಕೇಳಿ ಹೇಳಿದ್ದು. ಕಾಲಿನ ಕೆಳಗೆ ಕ್ಲಚ್ ಪೆಡಲ್ ಇಲ್ಲದಿದ್ದರೇನು, ಆಟೊಮ್ಯಾಟಿಕ್ ಬಾಕ್ಸಿನ ಹೊಟ್ಟೆಯ ತುಂಬ ಕ್ಲಚ್ ಪ್ಲೇಟುಗಳೇ. ಈ ಜಾತಿಯ ಬಾಕ್ಸಿನಲ್ಲಿ ಸಾಮಾನ್ಯವಾಗಿ ಮೊದಲು ಸುಡುವವೂ ಮೂರು-ನಾಲ್ಕನೇ ಗೇರಿನ ಪ್ಲೇಟುಗಳೇ.

ಬಾಕ್ಸಿನ ಹೆಸರು 700-ಆರ್-4. ನಾಲ್ಕು ಗೇರು. ಕಾರ್ವೆಟ್‌ಗೆ ಅದು ಬಂದದ್ದು 1982ರಲ್ಲಿ. ಆ ವರ್ಷ ಕಾರ್ವೆಟ್ ಬೇಕೆಂದವರಿಗೆ ಸಿಕ್ಕಿದ್ದು ಇದೊಂದೇ, ಕೈಗೇರಿನ ಕಾರನ್ನು ಮಾರಲೇ ಇಲ್ಲ. ಇದನ್ನು ಕಿತ್ತು ಹಳೆಯ ಮೂರು ಗೇರಿನ ಟರ್ಬೊ 350 ಹಾಕಿಬಿಡು, ಅಗ್ಗ, ಗಟ್ಟಿ ಎಂದು ಹೇಳಿದವರಿದ್ದರು. ನನಗೆ ಮನಸ್ಸು ಬರಲಿಲ್ಲ. ಇದರ ಮೊದಲ ಗೇರು 3.06, ನಾಲ್ಕನೆಯದು 0.70. ನಿಂತಲ್ಲಿಂದ ಚಿಮ್ಮುವ ಗಾಡಿ ಹೆದ್ದಾರಿ ಸೇರಿದರೆ ಇಂಜಿನ್ ಉಸಿರೇ ಕೇಳಿಸದ ಹಾಗೆ ಓಡುತ್ತದೆ. 350ರಲ್ಲಿ ಆ ನಾಲ್ಕನೆಯ ಗೇರೇ ಇಲ್ಲ. ಆ ವರ್ಷದ ಗಾಡಿಗೆ ಆ ಬಾಕ್ಸೇ ಸ್ವಭಾವ, ಅದನ್ನು ಬದಲಿಸಬಾರದು ಎಂಬುದು ನನ್ನ ಹಠ.

ಹಾಗಾಗಿ ಗುಜರಿ ಅಲೆದಾಟ ಶುರುವಾಯಿತು. ಮೊದಲನೆಯವರು ಫೋನಿನಲ್ಲಿ "700 ಇದೆ, ಬನ್ನಿ" ಅಂದರು. ಎರಡು ಗಂಟೆ ದಾರಿ. ಪಕ್ಕದ ಮನೆಯ ಯಜಮಾನರೂ ಜೊತೆಗೆ ಬಂದರು. ಬಗ್ಗಿ ನೋಡಿದೆ. ಕೆಳಗಿನ ಆಯಿಲ್ ಚೇಂಬರಿಗೆ 13 ಬೋಲ್ಟು, ಒಂದು ಮೂಲೆ ಕತ್ತರಿಸಿದ ಆಕಾರ. ಅದು 350. ವಾಪಸ್ ಹೊರಟೆವು.

"ಬೋಲ್ಟ್ ಎಣಿಸಿದ್ರೆ ಗೊತ್ತಾಗುತ್ತಾ?" ಎಂದು ಕಾರಿನಲ್ಲಿ ಕೇಳಿದರು. ಗೊತ್ತಾಗುತ್ತದೆ ಯಜಮಾನ್ರೇ, ಅಚ್ಚಿನ ನಂಬರ್ ಮಣ್ಣಿನಲ್ಲಿ ಮುಚ್ಚಿದ್ದರೂ ಚೇಂಬರ್ ಕಾಣುತ್ತದಲ್ಲ. ಎರಡೇ ಗೇರಿನ ಪವರ್‌ಗ್ಲೈಡ್‌ಗೆ 14. ಟರ್ಬೊ 400ಕ್ಕೂ 13, ಆದರೆ ಚೇಂಬರ್ ಸೊಟ್ಟಪಟ್ಟ. 700ಕ್ಕೆ 16, ಹೆಚ್ಚುಕಡಿಮೆ ಚೌಕ. 16 ಇರುವ ಇನ್ನೊಂದು ಬಾಕ್ಸೂ ಇದೆ, 200-4-ಆರ್ ಅಂತ. ಅದರ ಚೇಂಬರಿನ ಆಕಾರ ಬೇರೆ.

ಎರಡನೆಯ ಕಡೆ 16 ಸರಿಯಾಗಿತ್ತು. ಆದರೆ ಅದು 2.8 ಲೀಟರಿನ ಸಣ್ಣ ವಿ-6 ಇಂಜಿನ್ನಿನ ಬೆನ್ನಿಗಿದ್ದ ಬಾಕ್ಸು. 700ರಲ್ಲಿ ಇಂಜಿನ್ನಿಗೆ ಕೂರುವ ಗಂಟೆಯಾಕಾರದ ಮುಂಭಾಗ ಬಿಚ್ಚಿಕೊಳ್ಳುವುದಿಲ್ಲ, ಬಾಕ್ಸಿನೊಂದಿಗೇ ಎರಕವಾಗಿರುತ್ತದೆ. ವಿ-6ರ ತೂತುಗಳು ನಮ್ಮ ವಿ-8ಕ್ಕೆ ಹೊಂದುವುದೇ ಇಲ್ಲ. ಕಾರ್ವೆಟ್‌ನದೇ ಬಾಕ್ಸು ತಂದರಾಯಿತು ಎಂದುಕೊಂಡೀರಿ, ಅಲ್ಲೂ ಎಚ್ಚರ ಬೇಕು: 1984ರಿಂದ ಬಂದ ಹೊಸ ಮೈಕಟ್ಟಿನ ಕಾರ್ವೆಟ್‌ನಲ್ಲಿ ಬಾಕ್ಸಿನ ಬಾಲವನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಒಂದು ಉದ್ದನೆಯ ತೊಲೆ ಹಿಡಿದಿರುತ್ತದೆ. ಆ ಬಾಲ ನಮ್ಮ ಗಾಡಿಯಡಿ ಕೂರದು.

ಮೂರನೆಯ ಕಡೆ, 1987ರ ವಿ-8 ಪಿಕಪ್ಪಿನದು ಸಿಕ್ಕಿತು. ಟೇಪು ಹಿಡಿದೆ: ತುದಿಯಿಂದ ತುದಿಗೆ 30 ಮುಕ್ಕಾಲು ಇಂಚು, ಸರಿ. ಯಜಮಾನರು ಡಿಪ್‌ಸ್ಟಿಕ್ ಎಳೆದು ಮೂಸಿದರು. ಆಯಿಲ್ ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಚೇಂಬರ್ ಬಿಚ್ಚಿಸಿ ತಳದಲ್ಲಿ ಬೆರಳಾಡಿಸಿದರು. ಬೂದುಬಣ್ಣದ ನುಣುಪು ಮಡ್ಡಿ ಇದ್ದರೆ ಅದು ವಯಸ್ಸಿನದು. ಕಬ್ಬಿಣದ ಚೂರು, ಪ್ಲೇಟಿನ ಕರೀ ಪುಡಿ ಇದ್ದರೆ ಬಿಟ್ಟು ಬರಬೇಕು. "ತಗೋ" ಅಂದರು. ಲಾರಿಯಾದರೇನು, ಕಾರಾದರೇನು, ಆ ಬೆರಳಿಗೆ ಒಂದೇ.

ಇನ್ನೊಂದು ಎಣಿಕೆ ಬಾಕಿ ಇತ್ತು. ಮೊದಲ ವರ್ಷಗಳ 700ರ ಮುಂದಿನ ಶಾಫ್ಟಿಗೆ 27 ಹಲ್ಲು. ಅದು ಸಾಲದೆಂದು ಆಮೇಲೆ ದಪ್ಪ ಮಾಡಿ 30 ಮಾಡಿದರು. ಇಂಜಿನ್ನಿಗೂ ಬಾಕ್ಸಿಗೂ ನಡುವೆ ಕೂರುವ ನನ್ನ ಹಳೆಯ ಕನ್ವರ್ಟರ್ 1987ರ ಈ ಶಾಫ್ಟಿಗೆ ಹೋಗದು. ಅದಕ್ಕೇ ಬಾಕ್ಸು ಕೊಳ್ಳುವಾಗ ಅದರದೇ ಕನ್ವರ್ಟರ್ ಕೇಳಿ ತರಬೇಕು. ಸ್ಪೀಡೋಮೀಟರಿನ ಪ್ಲಾಸ್ಟಿಕ್ ಗೇರನ್ನು ಮಾತ್ರ ಹಳೆಯದರಿಂದ ಬಿಚ್ಚಿಟ್ಟುಕೊಂಡೆ.

ಇಳಿಸುವುದು ಅರ್ಧ ದಿನದ ಕೆಲಸ. ಏರಿಸುವುದೇ ತಾಳ್ಮೆಯ ಕೆಲಸ. ಕನ್ವರ್ಟರನ್ನು ಮೊದಲು ಬಾಕ್ಸಿಗೆ ಕೂರಿಸಬೇಕು; ಒತ್ತುತ್ತಾ ತಿರುಗಿಸುತ್ತಿದ್ದರೆ ಅದು ಒಂದೊಂದೇ ಮೆಟ್ಟಿಲು ಒಳಗಿಳಿಯುತ್ತದೆ. ಎರಡು ಸಲ 'ಟಕ್' ಎಂದ ಮೇಲೆ ಕೂತಿತೆಂದೇ ಅನಿಸುತ್ತದೆ. ಕೂತಿರುವುದಿಲ್ಲ. ಮೂರನೆಯದು ಪಂಪಿನದು. ಅದು ಬೀಳುವ ಮೊದಲೇ ಬಾಕ್ಸನ್ನು ಇಂಜಿನ್ನಿಗೆ ಬೋಲ್ಟಿನಿಂದ ಎಳೆದರೆ ಪಂಪು ಒಡೆದು ಹೋಗುತ್ತದೆ, ಇಷ್ಟು ದಿನದ ಶ್ರಮ ಮಣ್ಣು. ಮೂರನೆಯ ಟಕ್ಕಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಯಜಮಾನರು ಬೇಲಿ ದಾಟಿ ಬಂದು, ಒಂದು ಮಾತೂ ಆಡದೆ, ಕೈಯಿಟ್ಟು ಸ್ವಲ್ಪ ಓರೆ ಮಾಡಿ ತಿರುಗಿಸಿದರು. ಬಿತ್ತು. ಬಾಕ್ಸು ಇಂಜಿನ್ನಿಗೆ ಮುಟ್ಟಿದ ಮೇಲೂ ಕನ್ವರ್ಟರ್ ಕೈಯಲ್ಲೇ ಸಲೀಸಾಗಿ ತಿರುಗಬೇಕು, ಇಂಜಿನ್ನಿನ ಕಡೆಯ ತಟ್ಟೆಗೂ ಅದಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದಿರಬೇಕು. ಇತ್ತು.

ರೇಡಿಯೇಟರಿನ ಒಳಗೆ ಗೇರ್ ಆಯಿಲ್ ತಂಪಾಗಿಸುವ ಕೊಳವೆಗಳನ್ನು ತೊಳೆದೆ. ಹಳೆಯ ಬಾಕ್ಸಿನ ಸುಟ್ಟ ಪುಡಿ ಅಲ್ಲೇ ಕೂತಿರುತ್ತದೆ, ಬಿಟ್ಟರೆ ಬಂದದ್ದಕ್ಕೂ ಅದೇ ಗತಿ.

ಕೊನೆಗೆ ಟಿ.ವಿ. ಕೇಬಲ್. ಥ್ರಾಟಲ್‌ನಿಂದ ಬಾಕ್ಸಿಗೆ ಹೋಗುವ ಒಂದು ತೆಳ್ಳನೆ ತಂತಿ. ಕಾಲು ಎಷ್ಟು ಒತ್ತಿದೆ ಎಂದು ಬಾಕ್ಸಿಗೆ ತಿಳಿಸುವುದು ಅದೇ, ಪ್ಲೇಟುಗಳನ್ನು ಹಿಡಿಯುವ ಒತ್ತಡ ಏರುವುದೂ ಅದರಿಂದಲೇ. ಅದು ಸಡಿಲವಿದ್ದರೆ ಪ್ಲೇಟು ಜಾರಿ ಜಾರಿ ಸ್ವಲ್ಪ ದಿನದಲ್ಲೇ ಸುಡುತ್ತವೆ. ನನ್ನ ಹಳೆಯದರಲ್ಲಿ ಕೇಬಲ್ ಜೋತು ಬಿದ್ದಿತ್ತು. ಹಿಂದೆ ಯಾರೋ ಥ್ರಾಟಲ್ ಬಿಚ್ಚಿದವರು ಹೊಂದಿಸದೆ ಬಿಟ್ಟಿದ್ದರು. ಒಳ್ಳೆಯ ಬಾಕ್ಸೊಂದು ಅಷ್ಟಕ್ಕೇ ಸತ್ತದ್ದು ನನಗಿನ್ನೂ ಸಂಕಟ. ಗುಂಡಿ ಒತ್ತಿ ಕೇಬಲ್ಲಿನ ಜಾರುತುಂಡನ್ನು ಹಿಂದಕ್ಕೆ ಸರಿಸಿ, ಗುಂಡಿ ಬಿಟ್ಟು, ಥ್ರಾಟಲನ್ನು ಪೂರ್ತಿ ತೆರೆದರೆ ಅದು ಕಟಕಟ ಎಂದು ತನ್ನ ಜಾಗ ತಾನೇ ಹಿಡಿಯುತ್ತದೆ. ಒಂದು ನಿಮಿಷದ ಕೆಲಸ.

ಭಾನುವಾರ ಇಬ್ಬರೂ ಹೊರಟೆವು. ಒಂದು, ಎರಡು, ಮೂರು, ಆಮೇಲೆ ನಾಲ್ಕು; ಇಂಜಿನ್ನಿನ ದನಿ ಮೆಲ್ಲಗಿಳಿಯಿತು. ಯಜಮಾನರು ಕಣ್ಣು ಮುಚ್ಚಿ, ಅಂಗೈಯನ್ನು ಸೀಟಿನ ಹಿಂದೆ ನೆಲಕ್ಕೆ ಒತ್ತಿ ಕೂತಿದ್ದರು.

"ಗೇರು ಚೆನ್ನಾಗಿ ಬೀಳ್ತಾವೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಿಂದೆ ಕ್ರೌನು ಸಣ್ಣಗೆ ಊಳಿಡ್ತಿದೆ. ಹೋಗ್ತಾ ಗ್ಯಾರೇಜಿಗೇ ಬಿಡು, ನೋಡೋಣ."