ಇನ್ನೊಮ್ಮೆ ಕೇಳುತ್ತೇನೆ

ವಿಂಡೋಸಿನಷ್ಟು ವಿನಯದಿಂದ ಮನೆ ಹಾಳು ಮಾಡುವ ಸಲಹೆ ಕೊಡುವವರನ್ನು ನಾನು ನೆಂಟರಲ್ಲೂ ಕಂಡಿಲ್ಲ. ಡಿಸ್ಕಿನ ಒಂದು ಪಾರ್ಟಿಷನ್ನಿಗೆ ಪೆಟ್ಟು ಬಿದ್ದು ಒಳಗಿನದ್ದು ಓದಲಾಗದಂತಾಯಿತು ಅನ್ನಿ. ಕೆಟ್ಟಿದೆ ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ‘ಡಿ ಡ್ರೈವನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುತ್ತದೆ. ಒಳಗಿರುವುದನ್ನೆಲ್ಲ ಗುಡಿಸಿ ಸಾರಿಸಿಬಿಡಲೇ ಎಂದು ಇದರ ಅರ್ಥ. ಗೊತ್ತಿಲ್ಲದವರು ಪಾಪ, ಹೂಂ ಅಂದುಬಿಡುತ್ತಾರೆ.

ನಮ್ಮ ಮನೆಯಲ್ಲಿ ಯಾರೂ ಹೂಂ ಅನ್ನಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಯಾವ ಕಾಗದ ಮುಂದೆ ಬಂದರೂ ಅವತ್ತೇ ಸಹಿ ಹಾಕಿದ ದಾಖಲೆ ಅವರ ಸರ್ವೀಸಿನಲ್ಲೇ ಇಲ್ಲ. “ಇರಲಿ, ನಾಳೆ ನೋಡೋಣ” ಎಂದು ಮೌಸನ್ನು ದೂರ ಸರಿಸಿದರು. ಡಿ ಡ್ರೈವ್ ಉಳಿದದ್ದು ಕಂದಾಯ ಇಲಾಖೆಯ ಆ ಶಿಸ್ತಿನಿಂದ.

ಆದದ್ದು ಇಷ್ಟೇ. ಬೀದಿಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ಸು ಕುಂಯ್ ಕುಂಯ್ ಎಂದು ತಾನೂ ಮಲಗಿತು. ಕಂಪ್ಯೂಟರ್ ಎದ್ದಾಗ ಡಿ ಡ್ರೈವಿನ ಹೆಸರಷ್ಟೇ ಇತ್ತು. ಅದರಲ್ಲಿ ಅಪ್ಪ ನುಡಿಯಲ್ಲಿ ಒಂದೊಂದೇ ಕೀ ಹುಡುಕಿ ಟೈಪು ಮಾಡಿದ ವಂಶವೃಕ್ಷ, ನನ್ನವಳ ಭಜನಾ ಮಂಡಳಿಯ ಹಾಡುಗಳು, ಮಗಳ ನಾಮಕರಣದಿಂದ ಹಿಡಿದು ನಿಶ್ಚಿತಾರ್ಥದವರೆಗಿನ ಫೋಟೋಗಳು, ಲೇಔಟಿನ ಸಂಘದ ಲೆಕ್ಕಪತ್ರ, ಎಲ್ಲ ಇದ್ದವು.

ಅಕ್ಕನ ಮಗನಿಗೆ ಫೋನು ಮಾಡಿದೆವು. ಅವನು ಪುಣೆಯಲ್ಲಿ ಇದೇ ಕೆಲಸದಲ್ಲಿದ್ದಾನೆ. “ಮಾವ, ಏನೂ ಒತ್ತಬೇಡಿ. ತಾತ ಪಕ್ಕದಲ್ಲಿದ್ದರೆ ಸ್ಪೀಕರಿಗೆ ಹಾಕಿ” ಅಂದ. ಡಿಸ್ಕಿನ ಮೊಟ್ಟಮೊದಲ ಸೆಕ್ಟರು 512 ಬೈಟಿನದು. ಹಳೆಯ ಪದ್ಧತಿಯ ಡಿಸ್ಕಾದರೆ ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎನ್ನುವುದು ಅದರೊಳಗಿನ 64 ಬೈಟಿನಲ್ಲಿ ಬರೆದಿರುತ್ತದೆ. ಪಾಲಿಗೆ 16 ಬೈಟಿನಂತೆ ನಾಲ್ಕೇ ಪಾಲು. ಐದನೆಯವನು ಬಂದರೆ ಆ ನಾಲ್ವರಲ್ಲಿ ಒಬ್ಬನ ಹಿಸ್ಸೆಯೊಳಗೆ ಹೊಂದಿಕೊಂಡು ಇರಬೇಕು. 1983ರಲ್ಲಿ ಡಾಸ್ 2.0 ಜೊತೆ ಬಂದ ಏರ್ಪಾಡು. ಇಷ್ಟಲ್ಲದೆ ಪ್ರತಿ ಪಾಲಿನ ಬಾಗಿಲಲ್ಲೂ ಅದರದ್ದೇ ಒಂದು ವಿವರ, ಒಳಗೆ ಫೈಲುಗಳ ಪಟ್ಟಿ.

“ಅಂದರೆ ಜಮೀನು ಇದ್ದಲ್ಲೇ ಇದೆ, ಪಹಣಿ ಹಾಳಾಗಿದೆ ಅನ್ನು” ಎಂದರು ಅಪ್ಪ.

ಆ ಕಡೆ ಹುಡುಗ ಒಂದು ಗಳಿಗೆ ಸುಮ್ಮನಾದ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವನಿಗೆ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

ಪಹಣಿ ಹೋದರೆ ಮೊದಲು ಸರ್ವೆ ಮಾಡಿಸುವುದು ಕ್ರಮ. ಕ್ರಿಸ್ಟೋಫ್ ಗ್ರೆನಿಯೆ ಎಂಬ ಫ್ರೆಂಚ್ ಪ್ರಜೆ ಬರೆದ ಟೆಸ್ಟ್‌ಡಿಸ್ಕ್ ಎಂಬ ಪುಕ್ಕಟೆ ತಂತ್ರಾಂಶ ಮಾಡುವುದು ಇದನ್ನೇ. ಡಿಸ್ಕನ್ನು ಈ ತುದಿಯಿಂದ ಆ ತುದಿಗೆ ಅಳೆದು ಗಡಿಕಲ್ಲು ಹುಡುಕುತ್ತದೆ. ಎನ್‌ಟಿಎಫ್‌ಎಸ್ ಪಾಲಿನ ಮೊದಲ ಸೆಕ್ಟರಿನ ನಕಲೊಂದು ಆ ಪಾಲಿನ ಕಟ್ಟಕಡೆಯ ಸೆಕ್ಟರಿನಲ್ಲಿರುತ್ತದೆ. ಅದು ಸಿಕ್ಕಿತು. ಫೈಲುಗಳ ಪಟ್ಟಿ ಮಾತ್ರ ಚಿಂದಿಯಾಗಿತ್ತು. ಇನ್ನು ಉಳಿದ ದಾರಿ ಬ್ಯಾಕಪ್ ಇಮೇಜು, ಅಂದರೆ ಇಡೀ ಪಾಲಿನ ಪಡಿಯಚ್ಚು. ಹಿಂದೊಂದು ದಸರಾ ರಜೆಗೆ ಬಂದಾಗ ಹುಡುಗನೇ ಅದನ್ನು ತೆಗೆದು, ಸಣ್ಣ ಹಾರ್ಡ್ ಡಿಸ್ಕಿಗೆ ತುಂಬಿ, ನನ್ನವಳ ಕೈಗೆ ಕೊಟ್ಟು ಹೋಗಿದ್ದ. ಅವಳು ಅದನ್ನು ಬೀರುವಿನಲ್ಲಿ ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಹೊರಗೆ ತೆಗೆದಾಗ ನುಸಿಗುಳಿಗೆ ವಾಸನೆ ಘಮ್ಮೆಂದಿತು.

ಇಂಥ ಫಜೀತಿ ದೊಡ್ಡವರಿಗೂ ತಪ್ಪಿದ್ದಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಒಂದು ಕಮಾಂಡು ಕೊಟ್ಟು ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಅಳಿಸಿಹೋಯಿತು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೈಕೊಟ್ಟಿತ್ತು. ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಹಸುಗೂಸಿನೊಂದಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದರಿಂದ ಅವರ ಮನೆಯಲ್ಲೊಂದು ಪ್ರತಿ ಇತ್ತು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ತಂದರಂತೆ. ಇದನ್ನು ಹೇಳಿದಾಗ ನನ್ನವಳು, “ಅಲ್ಲೂ ಉಳಿಸಿದ್ದು ಹೆಂಗಸೇ ನೋಡಿ” ಅಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ಪೆಟ್ಟು ತಿಂದ ಡಿಸ್ಕಿನ ಮೇಲೆಯೇ ಇಮೇಜು ಇಳಿಸಬೇಡಿ, ಅದನ್ನು ಹಾಗೇ ಬದಿಗಿಟ್ಟು ಹೊಸದು ತನ್ನಿ ಎಂದು ಹುಡುಗನ ಅಪ್ಪಣೆ. ಎಸ್.ಪಿ. ರೋಡಿಗೆ ಹೋಗಿ ತಂದೆ. ಇಲ್ಲೊಂದು ತಮಾಷೆಯ ನಿಯಮವಿದೆ. 300 ಜಿಬಿ ಪಾಲಿನಲ್ಲಿ ಬರೀ 40 ಜಿಬಿ ತುಂಬಿದ್ದರೂ ಅದರ ಇಮೇಜು 299 ಜಿಬಿಯ ಪಾಲಿನಲ್ಲಿ ಸುಮ್ಮನೆ ಇಳಿಯುವುದಿಲ್ಲ. ಖಾಲಿ ಜಾಗಕ್ಕೂ ಜಾಗ ಬೇಕಂತೆ. ಮಗಳ ಮದುವೆಗೆ ಛತ್ರ ಹುಡುಕುತ್ತಿರುವ ನನಗೆ ಈ ಲೆಕ್ಕ ತಕ್ಷಣ ಅರ್ಥವಾಯಿತು.

ಇಮೇಜು ತೆಗೆದದ್ದು ಕ್ಲೋನ್‌ಜಿಲ್ಲಾದಲ್ಲಿ. ತೈವಾನಿನ ಹೈ-ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ಹುಟ್ಟಿದ ತಂತ್ರಾಂಶ ಅದು. ಪೆನ್‌ಡ್ರೈವಿನಿಂದ ಶುರುವಾಗುತ್ತದೆ, ಅಂದಚೆಂದದ ಗೊಡವೆಯೇ ಇಲ್ಲ, ಬರೀ ಅಕ್ಷರ. ಸಿ, ಡಿ ಎಂಬ ಪರಿಚಿತ ಮುಖಗಳೂ ಅಲ್ಲಿಲ್ಲ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಮೂವರು ಸಾಲಾಗಿ ನಿಂತಿದ್ದರು. ಒಬ್ಬನ ಹೊಟ್ಟೆಯಲ್ಲಿ ವಿಂಡೋಸು, ಒಬ್ಬನದರಲ್ಲಿ ಇಮೇಜು, ಒಬ್ಬ ಬರಿಹೊಟ್ಟೆಯವನು. ಗುರುತು ತಪ್ಪಿದರೆ ಇರುವ ಒಂದೇ ಇಮೇಜಿನ ಮೇಲೆ ಬರೆದು ಕೈ ತೊಳೆದುಕೊಳ್ಳಬಹುದು. ಗಾತ್ರ ಓದಿ, ಕಂಪನಿ ಹೆಸರು ಓದಿ, ಹುಡುಗನಿಗೆ ವಿಡಿಯೋದಲ್ಲಿ ತೋರಿಸಿ, ಅಪ್ಪ ಎಲ್ಲವನ್ನೂ ಲಕೋಟೆಯ ಬೆನ್ನ ಮೇಲೆ ಬರೆದುಕೊಂಡ ಮೇಲೆಯೇ ಎಂಟರ್ ಒತ್ತಿದ್ದು.

ಆಗ ಅದು ಎಚ್ಚರಿಸಿತು: ಇಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯುವುದು ಖಚಿತವೇ? ವೈ ಒತ್ತಿದೆ. ತುಸು ತಡೆದು ಮತ್ತೆ ಅಂದಿತು: ಇನ್ನೊಮ್ಮೆ ಕೇಳುತ್ತೇನೆ, ಖಚಿತವೇ?

“ಬರೆದವನು ಯಾರೋ ಕಚೇರಿಯಲ್ಲಿ ಪಳಗಿದವನೇ ಇರಬೇಕು” ಎಂದು ಅಪ್ಪ ಮೆಚ್ಚಿ ತಲೆದೂಗಿದರು.

ಆಮೇಲೆ ಪರದೆಯ ಮೇಲೆ ಕಳೆದ ಸಮಯ, ಉಳಿದ ಸಮಯ, ಶೇಕಡಾವಾರು. ಉಳಿದ ಸಮಯ ಹೆಚ್ಚಿ, ಇಳಿದು, ಮತ್ತೆ ಹೆಚ್ಚುತ್ತ ಚುನಾವಣೆಯ ಫಲಿತಾಂಶ ನೋಡಿದ ಹಾಗಿತ್ತು. ಮನೆಮಂದಿಯೆಲ್ಲ ಅದರ ಮುಂದೆಯೇ ಕಾಫಿ ಕುಡಿದರು.

ಎಲ್ಲ ವಾಪಸ್ಸು ಬಂತು. ಆದರೆ ಆ ದಸರಾದ ದಿನ ಹೇಗಿತ್ತೋ ಹಾಗೆ! ಆಚೆಗಿನದ್ದು ಯಾವುದೂ ಇಲ್ಲ. ನಿಶ್ಚಿತಾರ್ಥದ ಫೋಟೋಗಳನ್ನು ಬೀಗರ ವಾಟ್ಸಾಪಿನಿಂದ ಬೇಡಿ ತರಿಸಬೇಕಾಯಿತು. ಸಂಘದ ಲೆಕ್ಕದಲ್ಲಿ, ಬಾಕಿ ತೀರಿಸಿದವರೆಲ್ಲ ಮತ್ತೆ ಸಾಲಗಾರರಾದರು. ವಂಶವೃಕ್ಷದಲ್ಲಿ ಆಮೇಲೆ ಹುಟ್ಟಿದ ಮೊಮ್ಮಕ್ಕಳು ಮಾಯವಾಗಿ, ಜಗಳವಾದ ಮೇಲೆ ಅಪ್ಪ ಕಿತ್ತುಹಾಕಿದ್ದ ದಾಯಾದಿಗಳ ಕೊಂಬೆಯೊಂದು ಎಲೆ ಸಮೇತ ಚಿಗುರಿ ನಿಂತಿತ್ತು. ಅಪ್ಪ ಬಹಳ ಹೊತ್ತು ನೋಡಿ, “ಇರಲಿ ಬಿಡು, ದಾಖಲೆ ದಾಖಲೆಯೇ” ಅಂದರು.

ಇದಕ್ಕಿಂತ ದೊಡ್ಡ ಆಘಾತ ನನ್ನವಳಿಗೆ ಕಾದಿತ್ತು. ಮನೆಯವರ ಒಕ್ಕೊರಲ ಅಭಿಪ್ರಾಯಕ್ಕೆ ತಲೆಬಾಗಿ ನಾನು ಅಳಿಸಿದ್ದ ಕಾದಂಬರಿ ಅಧ್ಯಾಯವೊಂದೂ ಮುಕ್ಕಾಗದೆ ಹಿಂತಿರುಗಿತ್ತು. “ರೀ, ಇದೂ ಬಂತಾ?” ಎಂದಳು. ಇಮೇಜಿಗೆ ವಿಮರ್ಶೆ ಗೊತ್ತಿಲ್ಲ. ಆ ಒಂದು ಗುಣಕ್ಕೆ ನಾನು ಅದನ್ನು ಗೌರವಿಸುತ್ತೇನೆ.

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಡಿಸ್ಕು ಮಲಗಿದ್ದರೆ ಬಿಡುವಾದ ಒಂದು ಭಾನುವಾರ ಹೊರಗೆ ತೆಗೆಯಿರಿ. ಯಾವ ತಾರೀಖಿನ ಇಮೇಜು ಎಂದು ನೋಡಿ, ಖಾಲಿ ಡಿಸ್ಕೊಂದರ ಮೇಲೆ ಒಮ್ಮೆ ಇಳಿಸಿ ಪರೀಕ್ಷಿಸಿ, ಹೊಸದೊಂದನ್ನು ತೆಗೆದಿಡಿ. ಖಾಲಿಯದು ಎಸ್‌ಡಿಎಯೋ ಎಸ್‌ಡಿಬಿಯೋ ಎಂದು ಚೀಟಿಯಲ್ಲಿ ಬರೆದುಕೊಂಡೇ ಕೂತುಕೊಳ್ಳಿ. ಹಾಗೆಯೇ, ಕಾದಂಬರಿ ಓದುವ ಧೈರ್ಯವಿದ್ದವರು ತಿಳಿಸಿ, ಪ್ರತಿ ಕಳಿಸುತ್ತೇನೆ.